ಜೈಲಿನಿಂದ ಊರಿಗೆ ಮದ್ದಿನ ದಾರಿ

ಕೊಪ್ಪಳಕ್ಕೆ ಬಂದ ನೆಂಟರನ್ನು ಊರಿನವರು ಮೊದಲು ಕರೆದೊಯ್ಯುವುದು ಗವಿಮಠಕ್ಕೆ. ಗವಿಸಿದ್ಧೇಶ್ವರನ ದರ್ಶನವಾಗಿ ಪ್ರಸಾದವೂ ಆದ ಮೇಲೆ, ಕಾಲಲ್ಲಿ ಕಸುವಿದ್ದವರು ಬೆಟ್ಟ ಹತ್ತಿ ಅಶೋಕನ ಶಾಸನ ನೋಡಿ ಬರುತ್ತಾರೆ. ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ ಸಾಲುಗಳು, ಪ್ರಾಕೃತ ಭಾಷೆ. ಊರಿನ ಇನ್ನೊಂದು ಗುಡ್ಡ ಪಾಲ್ಕಿಗುಂಡು. ಪಲ್ಲಕ್ಕಿಯ ಹಾಗೆ ಬಂಡೆಗಳ ಮೇಲೆ ಬಂಡೆ ಕೂತಿರುವ ಅಲ್ಲಿಯೂ ಅದೇ ಶಾಸನದ ಇನ್ನೊಂದು ಪ್ರತಿ ಇದೆ. ಎರಡೂ ಲೋಕಕ್ಕೆ ಗೊತ್ತಾದದ್ದು 1931ರಲ್ಲಿ. ಶಾಲೆಯ ಪಾಠದಲ್ಲಿ ಇವುಗಳ ಹೆಸರು ಓದದ ಮಕ್ಕಳು ಈ ಭಾಗದಲ್ಲಿ ಕಡಿಮೆ.

ಕೊಪ್ಪಳದ ಈ ಕಿರುಶಾಸನಗಳಲ್ಲಿ ಕೈದಿಗಳ ಮಾತಿಲ್ಲ. ಆದರೆ ಬಳ್ಳಾರಿ ದಾಟಿ ಗುತ್ತಿಯ ಕಡೆ ಹೋದರೆ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಅದೇ ಅರಸನ ದೊಡ್ಡ ಶಾಸನಗಳ ಸಾಲೇ ಇದೆ. ಅವುಗಳಲ್ಲಿ ಎರಡನೆಯದು ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಹೇಳುತ್ತದೆ. ಐದನೆಯದು ಧರ್ಮಮಹಾಮಾತ್ರರೆಂಬ ಅಧಿಕಾರಿಗಳಿಗೆ ಸೆರೆಯಲ್ಲಿರುವವರ ಯೋಗಕ್ಷೇಮ ಒಪ್ಪಿಸುತ್ತದೆ. ಮಕ್ಕಳೊಂದಿಗರು, ಮುದುಕರು ಇದ್ದರೆ ಅವರ ಬಿಡುಗಡೆಗೆ ಯತ್ನಿಸಬೇಕು ಎನ್ನುತ್ತದೆ. ಇವರ ಜೊತೆಗೆ ಇನ್ನೊಂದು ಬಗೆಯ ಕೈದಿಯ ಹೆಸರೂ ಅಲ್ಲಿದೆ. ಆ ಪದದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ‘ಮಾಟಕ್ಕೆ ಸಿಕ್ಕವರು’ ಎಂಬುದು ಒಂದು ಓದು. ಬುದ್ಧಿ ಸ್ತಿಮಿತ ತಪ್ಪಿದವರನ್ನು ಈ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ‘ಗಾಳಿ ಆಗೈತಿ’, ‘ಯಾರೋ ಮಾಡಸ್ಯಾರ’ ಎನ್ನುವುದನ್ನು ನೆನೆದರೆ, ಆ ಓದು ಅಷ್ಟೇನೂ ದೂರದ್ದಲ್ಲ.

ಉತ್ತರಕ್ಕೆ ಹೋದರೆ ಕಲಬುರಗಿ ಸೀಮೆಯ ಸನ್ನತಿ. 1980ರ ದಶಕದಲ್ಲಿ ಅಲ್ಲಿ ಸಿಕ್ಕ ಶಾಸನದ ಕಲ್ಲು ದೇವಿಯ ಪೀಠವಾಗಿ ಬಳಕೆಯಾಗಿತ್ತು. ಅದರ ಮೇಲಿನ ಒಂದು ಭಾಗ ನ್ಯಾಯಾಧಿಕಾರಿಗಳಿಗೆ ಕೊಟ್ಟ ಎಚ್ಚರಿಕೆ: ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿ ಕೊಳೆಸಬೇಡಿ ಎಂಬುದು ಅದರ ತಿರುಳು. ಎರಡು ಸಾವಿರದ ಇನ್ನೂರು ವರ್ಷ ಮೀರಿದ ಕಲ್ಲುಗಳ ನಡುವೆ ಕೊಪ್ಪಳ ಸೀಮೆ ಕುಳಿತಿದೆ. ಆದರೆ ಅದೇ ಊರಿನ ಜಿಲ್ಲಾ ಕಾರಾಗೃಹದೊಳಗೆ ಒಬ್ಬ ಕೈದಿಗೆ ಜ್ವರ ಬಂದರೆ, ಫಿಟ್ಸ್ ಬಂದರೆ, ಕಿವಿಯಲ್ಲಿ ಯಾರೋ ಮಾತಾಡಿದಂತಾದರೆ ಏನಾಗುತ್ತದೆ ಎಂದು ಬೆಟ್ಟ ಹತ್ತುವವರಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ಬದುಕು

1997–98ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರ ಪಾಲಿಗೆ ಬಂದವು ನಾಲ್ಕು ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕುಕನೂರು, ಕನಕಗಿರಿ, ಕಾರಟಗಿ ಇತ್ತೀಚೆಗೆ ಪ್ರತ್ಯೇಕವಾದವು. ನಿಜಾಮನ ಕಾಲದಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗನ ಜಹಗೀರಿ. ಆಡಳಿತದ ಹಳೆಯ ಗೆರೆಗಳು ಅಳಿಸಿದರೂ ನೀರಿನ ಗೆರೆ ಮಾತ್ರ ಅಳಿಸಿಲ್ಲ. ಗಂಗಾವತಿಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ, ಕಣ್ಣು ಹಾಯುವಷ್ಟು ಭತ್ತ, ಅಕ್ಕಿ ಗಿರಣಿಗಳ ಸಾಲು. ಕುಷ್ಟಗಿ ಮತ್ತು ಯಲಬುರ್ಗಾದಲ್ಲಿ ಎರೆ, ಮಸಾರಿ ಹೊಲ, ಮಳೆ ಬಂದರೆ ಬೆಳೆ. ಮಳೆ ಕೈಕೊಟ್ಟರೆ ಮಕ್ಕಳುಮರಿ ಕಟ್ಟಿಕೊಂಡು ಗುಳೆ ಹೋಗಬೇಕು, ಬೆಂಗಳೂರಿಗೆ, ಮಂಗಳೂರಿಗೆ, ಗೋವೆಗೆ.

ಜೈಲಿಗೆ ಈ ನಾಲ್ಕೂ ಬದುಕುಗಳಿಂದ ಜನ ಬರುತ್ತಾರೆ. ಹೊಲದ ಬದುವಿನ ಜಗಳ, ಕುಡಿದ ಮತ್ತಿನ ಹೊಡೆದಾಟ, ಸಾಲ, ಮನೆಯ ಕಲಹ, ವಾಹನ ಅಪಘಾತ, ಇನ್ನೂ ಘೋರವಾದವು. ಜಿಲ್ಲಾ ಕಾರಾಗೃಹದಲ್ಲಿ ಇರುವವರಲ್ಲಿ ಹೆಚ್ಚಿನವರು ವಿಚಾರಣಾಧೀನ ಬಂದಿಗಳು, ಅಂದರೆ ತಪ್ಪಿತಸ್ಥರೆಂದು ಇನ್ನೂ ತೀರ್ಮಾನವಾಗದವರು. ದೇಶದ ಲೆಕ್ಕವೂ ಹೀಗೆಯೇ ಇದೆ. 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು. ಜೈಲಿನ ವೈದ್ಯಕೀಯ ಎಂದಾಗ ‘ಅಪರಾಧಿಗಳಿಗೇಕೆ ಇಷ್ಟೆಲ್ಲ’ ಎಂದು ಕೇಳುವವರಿಗೆ ಈ ಲೆಕ್ಕ ಮೊದಲು ಹೇಳಬೇಕು. ಅಪರಾಧ ಸಾಬೀತಾದವರಿಗೂ ನ್ಯಾಯಾಲಯ ವಿಧಿಸುವುದು ಸೆರೆವಾಸ. ಕಾಯಿಲೆ ಆ ಶಿಕ್ಷೆಯ ಭಾಗವಲ್ಲ.

ಮೊದಲ ಮೂರು ರಾತ್ರಿ

ಕುಷ್ಟಗಿ ತಾಲ್ಲೂಕಿನ ಇಪ್ಪತ್ನಾಲ್ಕರ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಅಂಥವನು ಯಾವ ಊರಿನಲ್ಲೂ ಇರಬಹುದು. ಎರಡು ವರ್ಷದಿಂದ ಒಬ್ಬನೇ ಮಾತಾಡುತ್ತಾನೆ, ರಾತ್ರಿ ನಿದ್ದೆಯಿಲ್ಲ, ತನ್ನ ಊಟದಲ್ಲಿ ಯಾರೋ ಏನೋ ಬೆರೆಸಿದ್ದಾರೆ ಎನ್ನುತ್ತಾನೆ. ಮನೆಯವರು ದರ್ಗಾ, ಗುಡಿ, ತಾಯತ ಎಲ್ಲ ಮುಗಿಸಿದ್ದಾರೆ. ಒಮ್ಮೆ ಹುಬ್ಬಳ್ಳಿಯಲ್ಲಿ ಯಾರೋ ಡಾಕ್ಟರು ಕೊಟ್ಟ ಗುಳಿಗೆ ತಿಂಗಳು ನುಂಗಿ, ಗುಳೆ ಹೋದಾಗ ಬಿಟ್ಟಿದ್ದಾನೆ. ಒಂದು ದಿನ ಪಕ್ಕದ ಮನೆಯವನ ತಲೆಗೆ ಕಲ್ಲು ಬೀಳುತ್ತದೆ. ಠಾಣೆ, ನ್ಯಾಯಾಲಯ, ಕೊಪ್ಪಳದ ಜೈಲು. ಇಲ್ಲಿ ಒಂದು ಮಾತು ಸೇರಿಸಲೇಬೇಕು. ಮನೋರೋಗವಿರುವ ಬಹುತೇಕರು ಯಾರ ಮೈಮೇಲೂ ಹೋಗುವವರಲ್ಲ. ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಅವರ ಪಾಲಿಗೆ ಹೆಚ್ಚು.

ಜೈಲಿನ ಬಾಗಿಲು ದಾಟಿದ ಕೂಡಲೇ ಕಾನೂನು ಕೇಳುವ ಮೊದಲ ಕೆಲಸಗಳಲ್ಲಿ ವೈದ್ಯ ಪರೀಕ್ಷೆಯೂ ಒಂದು. ಮೈಮೇಲೆ ಗಾಯವಿದೆಯೇ, ರಕ್ತದೊತ್ತಡ ಎಷ್ಟು, ಸಕ್ಕರೆ ಕಾಯಿಲೆಯುಂಟೇ, ಎರಡು ವಾರ ಮೀರಿದ ಕೆಮ್ಮಿದೆಯೇ, ಯಾವ ಮದ್ದು ನಡೆಯುತ್ತಿದೆ, ಹಿಂದೆ ಎಂದಾದರೂ ಸಾಯಲು ಯತ್ನಿಸಿದ್ದುಂಟೇ. ಕೆಮ್ಮಿನ ಪ್ರಶ್ನೆ ಸಣ್ಣದಲ್ಲ. ಒಂದೇ ಬ್ಯಾರಕ್ಕಿನಲ್ಲಿ ಹತ್ತಾರು ಮಂದಿ ಒತ್ತೊತ್ತಾಗಿ ಮಲಗುವಲ್ಲಿ ಒಬ್ಬನ ಕ್ಷಯ ಗೊತ್ತಾಗದೆ ಉಳಿದರೆ ಅದು ಅವನೊಬ್ಬನ ಕಾಯಿಲೆಯಾಗಿ ಉಳಿಯುವುದಿಲ್ಲ. ಕಫ ಪರೀಕ್ಷೆ ಮಾಡಿಸಿ, ಆರು ತಿಂಗಳ ಮದ್ದು ಆರಂಭಿಸಿ, ಅದನ್ನು ದಿನ ತಪ್ಪದೆ ನುಂಗಿಸಬೇಕು. ಹೊರಗೆ ಗುಳೆ ಹೋಗುವ ಕೂಲಿಯವನಿಗಿಂತ ಒಳಗಿರುವವನಿಗೆ ಮದ್ದು ನುಂಗಿಸುವುದು ಸುಲಭ. ಕಹಿಯಾದರೂ ನಿಜವೆಂದರೆ, ಕೆಲವರ ಜೀವನದಲ್ಲಿ ವೈದ್ಯರೊಬ್ಬರು ಮೊದಲ ಬಾರಿಗೆ ಕೂರಿಸಿಕೊಂಡು ಪೂರ್ತಿ ಪರೀಕ್ಷೆ ಮಾಡುವುದು ಜೈಲಿನಲ್ಲೇ.

ಮೊದಲ ಮೂರು ರಾತ್ರಿಗಳು ಅತ್ಯಂತ ಅಪಾಯದವು, ಅದರಲ್ಲೂ ಕುಡಿತದವರಿಗೆ. ದಿನವೂ ಕುಡಿಯುವವನಿಗೆ ಥಟ್ಟನೆ ಮದ್ಯ ನಿಂತರೆ ಅದೇ ದಿನ ಕೈನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನ ಸನ್ನಿ ಹಿಡಿದು, ಗೋಡೆಯ ಮೇಲೆ ಹುಳ ಹರಿದಾಡುವಂತೆ, ಯಾರೋ ಕೊಲ್ಲಲು ಬಂದಂತೆ ಕಾಣಬಹುದು. ಗೊತ್ತಿಲ್ಲದವರಿಗೆ ಅದು ನಾಟಕ. ಗೊತ್ತಿರುವವರಿಗೆ ಜೀವ ತೆಗೆಯಬಲ್ಲ ಕಾಯಿಲೆ. ನಿಗದಿತ ಪ್ರಮಾಣದಲ್ಲಿ ಕೊಟ್ಟು ದಿನದಿನಕ್ಕೆ ಇಳಿಸುವ ಶಾಮಕ ಗುಳಿಗೆಗಳು, ‘ಬಿ-1’ ಜೀವಸತ್ವದ ಚುಚ್ಚುಮದ್ದು, ನೀರು, ಕಾವಲು ಇದ್ದರೆ ಬಹುತೇಕರು ಪಾರಾಗುತ್ತಾರೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತರೂ ಕುಡಿತ ನಿಲ್ಲಲಿಲ್ಲ. ರಾಯಚೂರು ಕಡೆ ಸಿ.ಎಚ್. ಪೌಡರ್ ಬೆರೆಸಿದ ಸೇಂದಿಯ ಚಟ ಹತ್ತಿದವರಿಗೂ ಅದು ಸಿಗದೇ ಹೋದಾಗ ಇಂಥದೇ ಸಂಕಟ. ಬ್ಯಾರಕ್ಕಿನ ಕಾವಲುಗಾರನಿಗೆ ಈ ಚಿಹ್ನೆಗಳು ಗೊತ್ತಿದ್ದರೆ ವೈದ್ಯ ಪದವಿಯಷ್ಟೇ ಉಪಯೋಗ.

ಆತ್ಮಹತ್ಯೆಯ ಭಯವೂ ಆರಂಭದ ದಿನಗಳಲ್ಲೇ ಹೆಚ್ಚು. ಮಾನ ಹೋಯಿತು, ಹೆಂಡತಿ ಮಕ್ಕಳ ಗತಿಯೇನು, ಜಾಮೀನು ಕೊಡುವವರಾರು ಎಂಬ ಯೋಚನೆಗಳು ಕತ್ತಲಾದ ಮೇಲೆ ದೊಡ್ಡದಾಗುತ್ತವೆ. ಆಗ ಬೇಕಾದದ್ದು ಒಂಟಿ ಕೋಣೆಯಲ್ಲ, ಜೊತೆಗಾರ. ಮನೆಗೆ ಒಂದು ಫೋನ್ ಕರೆ. ಬೆಳಿಗ್ಗೆ ‘ರಾತ್ರಿ ನಿದ್ದೆ ಬಂತೇನಪ್ಪಾ’ ಎಂದು ಕೇಳುವ ಒಬ್ಬ ಆಪ್ತಸಮಾಲೋಚಕ.

‘ಯಾರೂ ಇಲ್ಲ’ ಎಂಬ ವರದಿ

ಇದೆಲ್ಲ ಈಚಿನ ಕಾಲದ ಉದಾರತೆ ಎಂದುಕೊಂಡರೆ ತಪ್ಪು. ಬ್ರಿಟಿಷರ 1894ರ ಕಾರಾಗೃಹ ಕಾಯ್ದೆ ಮೃದುವಾದ ಕಾನೂನಲ್ಲ. ಬೇಡಿ, ಚಾವಟಿ ಎಲ್ಲ ಅದರಲ್ಲಿತ್ತು. ಆದರೂ ಪ್ರತಿ ಜೈಲಿನಲ್ಲಿ ಆಸ್ಪತ್ರೆ ಅಥವಾ ರೋಗಿಗಳಿಗೆ ತಕ್ಕ ಜಾಗ ಇರಬೇಕೆಂದು ಅದು ಹೇಳಿತ್ತು. ದುಡಿಯುವ ಕೈದಿಯ ತೂಕವನ್ನು ಹದಿನೈದು ದಿನಕ್ಕೊಮ್ಮೆ ಅವನ ಹಿಸ್ಟರಿ ಟಿಕೆಟ್‌ನಲ್ಲಿ ಬರೆಯಬೇಕಿತ್ತು. ತೂಕ ಇಳಿದರೆ ಕೆಲಸ ಹೆಚ್ಚಾಯಿತೆಂದೋ ಊಟ ಕಡಿಮೆಯಾಯಿತೆಂದೋ ಗೊತ್ತಾಗಲಿ ಎಂದು. ದೇಹವಾಗಲಿ ಮನಸ್ಸಾಗಲಿ ಸರಿಯಿಲ್ಲದಂತೆ ಕಂಡ ಕೈದಿಯ ಹೆಸರನ್ನು ಕಾವಲುಗಾರ ತಡಮಾಡದೆ ಮೇಲಿನವರಿಗೆ ತಿಳಿಸಬೇಕಿತ್ತು. ಜೈಲಿನ ಶಿಸ್ತಿನಿಂದಲೇ ಒಬ್ಬನ ಮನಸ್ಸು ಕೆಡುತ್ತಿದೆ ಎನ್ನಿಸಿದರೆ ವೈದ್ಯಾಧಿಕಾರಿ ಅದನ್ನು ಬರವಣಿಗೆಯಲ್ಲಿ ಅಧೀಕ್ಷಕರಿಗೆ ಹೇಳಬೇಕಿತ್ತು. 1963ರಲ್ಲಿ ನಮ್ಮ ರಾಜ್ಯ ತನ್ನದೇ ಕಾರಾಗೃಹ ಕಾಯ್ದೆ ಮಾಡಿಕೊಂಡಾಗಲೂ ಜೈಲು ವೈದ್ಯರ ಕೆಲಸದ ಬುನಾದಿ ಈ ಹಳೆಯ ನಮೂನೆಯದೇ.

ಕಾಗದದ ಮೇಲಿನ ಈ ಮಾತು ಎಷ್ಟು ನಡೆಯಿತು ಎಂಬುದು ಬೇರೆ ಕಥೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬಾತ 1951ರಲ್ಲಿ ಬಂಧಿತನಾದ. ಮನೋರೋಗಿ ಎಂದು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಆಸ್ಪತ್ರೆ ‘ಈತ ಸರಿಯಾಗಿದ್ದಾನೆ’ ಎಂದಿತು. ಆದರೆ ಅವನನ್ನು ಕಳಿಸಿದ್ದು ಮನೆಗಲ್ಲ, ಗುವಾಹಟಿಯ ಜೈಲಿಗೆ. ವಿಚಾರಣೆಯೂ ಇಲ್ಲ, ಬಿಡುಗಡೆಯೂ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೈಹಾಕಿದ ಮೇಲೆ 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಹೊರಬಂದಾಗ 54 ವರ್ಷ ಕಳೆದಿದ್ದವು. ಅಪರಾಧವನ್ನೇ ಮಾಡದ ಮನೋರೋಗಿಗಳನ್ನೂ ಜೈಲಿನಲ್ಲಿಡುವ ಪದ್ಧತಿ ದೇಶದ ಕೆಲವೆಡೆ ಇತ್ತು. ಪತ್ರಕರ್ತೆ ಶೀಲಾ ಬರ್ಸೆ ಹೂಡಿದ ಮೊಕದ್ದಮೆಯಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಬಾಹಿರ ಎಂದಿತು.

ನಮ್ಮ ರಾಜ್ಯದ್ದೇ ಚಿತ್ರ ಬೇಕಾದರೆ ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹಕ್ಕೆ ಹೋಗಬೇಕು. 2008–09ರಲ್ಲಿ ನಿಮ್ಹಾನ್ಸ್‌ನ ತಜ್ಞರು ಅಲ್ಲಿನ 5,024 ಬಂದಿಗಳನ್ನು ಮಾತಾಡಿಸಿ ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಮನೋರೋಗ ಅಥವಾ ಮಾದಕ ವಸ್ತುಗಳ ಸಮಸ್ಯೆ ಇದ್ದವರು ಶೇಕಡಾ 79.6. ತಂಬಾಕು, ಮದ್ಯ ಇತ್ಯಾದಿ ಚಟಗಳನ್ನು ಬದಿಗಿಟ್ಟರೂ ಶೇಕಡಾ 27.6 ಮಂದಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ, ಗುರುತಿಸಬಹುದಾದ ಮಾನಸಿಕ ಕಾಯಿಲೆ ಇತ್ತು.

ಇನ್ನು ಕಾನೂನಿನ ಒಂದು ವಿಚಿತ್ರ ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಲವು ರೀತಿಯಲ್ಲಿ ಒಳ್ಳೆಯ ಕಾಯ್ದೆ. ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಒತ್ತಡದಲ್ಲಿದ್ದವನೆಂದು ಭಾವಿಸಿ ಆರೈಕೆ ಮಾಡಿ ಎನ್ನುತ್ತದೆ. ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಚಿಕಿತ್ಸಾ ಘಟಕ ಇರಬೇಕೆನ್ನುತ್ತದೆ. ಅದರ 103ನೆಯ ಕಲಮು ಮಾತ್ರ ಜೈಲಿನ ವೈದ್ಯಾಧಿಕಾರಿಗೆ, ಮೂರು ತಿಂಗಳಿಗೊಮ್ಮೆ ಪುನರ್ವಿಮರ್ಶಾ ಮಂಡಳಿಗೆ ವರದಿ ಕಳಿಸಿ, ಜೈಲಿನಲ್ಲಿ ಮನೋರೋಗವಿರುವ ಬಂದಿಗಳಿಲ್ಲ ಎಂದು ಪ್ರಮಾಣೀಕರಿಸಬೇಕು ಎನ್ನುತ್ತದೆ. ಮನೋರೋಗಿಯನ್ನು ಬ್ಯಾರಕ್ಕಿನಲ್ಲಿ ಕೊಳೆಸಬೇಡಿ, ಚಿಕಿತ್ಸೆಯ ಜಾಗಕ್ಕೆ ಸಾಗಿಸಿ ಎಂಬುದು ಉದ್ದೇಶ. ಯಾಕೆ ಸಾಗಿಸಲಿಲ್ಲ ಎಂದು ಕೇಳುವ ಅಧಿಕಾರವೂ ಮಂಡಳಿಗಿದೆ. ಆದರೆ ನಾಲ್ವರಲ್ಲಿ ಒಬ್ಬನಿಗೆ ಕಾಯಿಲೆಯಿರುವ ಕಡೆ ‘ಯಾರೂ ಇಲ್ಲ’ ಎಂದು ಬರೆಸಿಕೊಳ್ಳುವ ನಮೂನೆ, ಹುಡುಕದಿರುವುದಕ್ಕೇ ಆಮಿಷವಾಗುವ ಅಪಾಯವಿಲ್ಲವೇ? ಹುಡುಕಿದ ವೈದ್ಯರಿಗೆ ಕೆಲಸ ಹೆಚ್ಚು. ಹುಡುಕದವರ ವರದಿ ಸದಾ ಚೊಕ್ಕಟ.

2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯದ ಪ್ರಕರಣದಲ್ಲಿ 101 ಮಂದಿಗೆ ಶಿಕ್ಷೆ ವಿಧಿಸಿತು. ಅವರಲ್ಲಿ 98 ಮಂದಿಗೆ ಜೀವಾವಧಿ. ಬಹುತೇಕರಿಗೆ ಮುಂದೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಆ ತೀರ್ಪಿನ ನ್ಯಾಯದ ಚರ್ಚೆ ಇಲ್ಲಿಯದಲ್ಲ. ಸುಟ್ಟ ಗುಡಿಸಲುಗಳ ಜನ ಹತ್ತು ವರ್ಷ ಕಾದ ನ್ಯಾಯ ಅದು. ಇಲ್ಲಿಗೆ ಬೇಕಾದದ್ದು ಇಷ್ಟೇ: ಒಂದೇ ಊರಿನ ನೂರು ಮಂದಿ ಒಂದೇ ಸಲ ಶಿಕ್ಷೆಗೊಳಗಾದರೂ, ನೂರು ಮಂದಿಯ ರಕ್ತದೊತ್ತಡ, ಸಕ್ಕರೆ, ನಿದ್ದೆ, ಭಯ ಇವನ್ನೆಲ್ಲ ಒಬ್ಬೊಬ್ಬರಾಗಿಯೇ ನೋಡಬೇಕು ಎನ್ನುತ್ತದೆ ಕಾನೂನು. ಗುಂಪಿಗೆ ಶಿಕ್ಷೆ ವಿಧಿಸಬಹುದು, ಗುಂಪಿಗೆ ಮದ್ದು ಕೊಡಲಾಗದು.

ನದಿಯಾಚೆಯ ಬಳ್ಳಾರಿ

ದೀರ್ಘ ಶಿಕ್ಷೆಯವರ ದಾರಿ ಸಾಮಾನ್ಯವಾಗಿ ಕೊಪ್ಪಳದಿಂದ ಮುಂದೆ, ಕೇಂದ್ರ ಕಾರಾಗೃಹದ ಕಡೆಗೆ. ಹತ್ತಿರದ್ದು ಬಳ್ಳಾರಿ. ತುಂಗಭದ್ರೆ ದಾಟಿ, ಹೊಸಪೇಟೆಯ ಮೂಲಕ ಸುಮಾರು 90 ಕಿಲೋಮೀಟರು. ಬಳ್ಳಾರಿಗೆ ಜೈಲಿನ ಹೆಸರು ಹಳೆಯದು. ಉಪ್ಪಿನ ಸತ್ಯಾಗ್ರಹದಲ್ಲಿ ಬಂಧಿತರಾದ ಕಾಮರಾಜರು 1930ರಲ್ಲಿ ಸೆರೆಯಲ್ಲಿದ್ದದ್ದು ಅಲ್ಲಿನ ಅಲ್ಲೀಪುರ ಜೈಲಿನಲ್ಲಿ. 2024ರಲ್ಲಿ ಕನ್ನಡದ ಖ್ಯಾತ ನಟರೊಬ್ಬರು ವಿಚಾರಣಾಧೀನ ಬಂದಿಯಾಗಿ ಬಳ್ಳಾರಿಯಲ್ಲಿದ್ದಾಗ, ಅವರ ಬೆನ್ನುನೋವು, ವಿಮ್ಸ್ ಆಸ್ಪತ್ರೆಯ ಸ್ಕ್ಯಾನಿಂಗ್ ಎಲ್ಲವೂ ದಿನವಿಡೀ ಟಿ.ವಿ.ಯಲ್ಲಿ ಬಂತು. ಜೈಲಿನಲ್ಲೂ ವೈದ್ಯರಿರುತ್ತಾರೆ, ಕೈದಿಯನ್ನು ಪೊಲೀಸ್ ಬೆಂಗಾವಲಿನಲ್ಲಿ ಹೊರಗಿನ ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಎಂದು ರಾಜ್ಯದ ಎಷ್ಟೋ ಮಂದಿಗೆ ತಿಳಿದದ್ದು ಆಗಲೇ ಇರಬೇಕು. ಕುಷ್ಟಗಿಯ ಯುವಕನ ಹಿಂದೆ ಕ್ಯಾಮೆರಾ ಬರುವುದಿಲ್ಲ. ಅವನಿಗೆ ಬೇಕಾದ್ದು ಅದೇ ಬೆಂಗಾವಲು, ಅದೇ ವಾಹನ, ತಾರೀಖು ತಪ್ಪದೆ.

ಆದರೆ ಬಳ್ಳಾರಿಯನ್ನು ನೆನೆಯಬೇಕಾದ ಇನ್ನೂ ದೊಡ್ಡ ಕಾರಣವಿದೆ. ಗಣಿ, ಕೋಟೆ, ಬಿಸಿಲಿನ ಗದ್ದಲದಲ್ಲಿ ಊರಿನವರೂ ಮರೆತ ಕಾರಣ. ಒಂದು ಕಾಲದಲ್ಲಿ ಮನೋರೋಗವೆಂದರೆ ದೊಡ್ಡ ಆಸ್ಪತ್ರೆಯೇ ಗತಿ. ಮುಂಬೈ ಕರ್ನಾಟಕಕ್ಕೆ 1845ರಲ್ಲಿ ಶುರುವಾದ ಧಾರವಾಡದ ಆಸ್ಪತ್ರೆ, ಮೈಸೂರು ಸೀಮೆಗೆ ಬೆಂಗಳೂರಿನದು. ನಡುವಿನ ಬಯಲು ಸೀಮೆಯ ರೋಗಿ ಸರಪಳಿಯಲ್ಲೇ ಉಳಿಯುತ್ತಿದ್ದ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಬೇರೆಯದೇ ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕೆಲವೇ ಅಗತ್ಯ ಮದ್ದುಗಳನ್ನು ಹಳ್ಳಿಯ ಆಸ್ಪತ್ರೆಯಲ್ಲೇ ಸಿಗುವಂತೆ ಮಾಡಿದರು. ಜಿಲ್ಲೆಯಲ್ಲೊಬ್ಬ ತಜ್ಞ, ಉಳಿದದ್ದು ಊರಿನ ವೈದ್ಯರ ಕೈಯಲ್ಲಿ. ಇದು ದೇಶದ ವೈದ್ಯಕೀಯ ಪುಸ್ತಕಗಳಲ್ಲಿ ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು ಇದರ ಮೇಲೆಯೇ. ಇಂದು ದೇಶದ ನೂರಾರು ಜಿಲ್ಲೆಗಳಲ್ಲಿ ನಡೆಯುವ ಕಾರ್ಯಕ್ರಮದ ತವರು ಗಂಗಾವತಿಯ ಎದುರು ದಂಡೆ. ಇದು ಈ ಸೀಮೆಯ ಶಾಲೆಗಳಲ್ಲಿ ಹೇಳಬೇಕಾದ ಪಾಠ.

ಕೊಪ್ಪಳದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ, 2015ರಲ್ಲಿ ಆರಂಭವಾದದ್ದು. ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳ ಕೆಲಸದಲ್ಲಿ ಜೈಲುಗಳಿಗೆ ಹೋಗುವುದೂ ಸೇರಿದೆ. ಅಂದರೆ, ಕುಷ್ಟಗಿಯ ಯುವಕನನ್ನು ನೋಡುವ ಮನೋವೈದ್ಯರು ಜೈಲಿಗೆಂದೇ ಬೇರೆ ಇರಬೇಕಿಲ್ಲ. ಹೊರಗಿನ ತಂಡವೇ ಒಳಗೆ ಬರಬಹುದು. ಇದರಲ್ಲಿ ಒಂದು ಜಾಣತನವಿದೆ. ಒಳಗೆ ಬರೆದ ಚೀಟಿಯನ್ನು ಹೊರಗೆ ಗುರುತಿಸುವವರು ಅದೇ ಜನ.

ಮನೆಯವರು ಏನು ಮಾಡಬಹುದು

ಜೈಲಿನ ಭೇಟಿಯ ದಿನ ಹಳ್ಳಿಯ ತಾಯಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಸಾಹೇಬ್ರ, ನನ್ನ ಮಗಗ ಬ್ಯಾನಿ ಐತ್ರಿ, ಅಂವಾ ಕೆಟ್ಟಾಂವಲ್ರಿ.’ ಆ ಮಾತಿಗಿಂತ ಹೆಚ್ಚು ಕೆಲಸ ಮಾಡುವುದು ಮನೆಯ ಟ್ರಂಕಿನಲ್ಲಿರುವ ಹಳೆಯ ಚೀಟಿ. ಹುಬ್ಬಳ್ಳಿಯ ವೈದ್ಯರು ಬರೆದ ಮದ್ದಿನ ಹೆಸರು, ಎಷ್ಟು ದಿನ ತೆಗೆದುಕೊಂಡ, ಎಂದು ಬಿಟ್ಟ, ಮನೆತನದಲ್ಲಿ ಬೇರೆ ಯಾರಿಗಿತ್ತು. ಮನೆಯವರು ತಂದ ಗುಳಿಗೆಯನ್ನು ಬಾಗಿಲಲ್ಲಿ ನೇರ ಕೈದಿಯ ಕೈಗೆ ಕೊಡಲಾಗದು. ಚೀಟಿಯೊಂದಿಗೆ ಜೈಲಿನ ವೈದ್ಯರಿಗೆ ಒಪ್ಪಿಸಬೇಕು. ನಾಚಿಕೆಯಿಂದ ಅದನ್ನು ಮುಚ್ಚಿಡುವ ಮನೆಗಳೇ ಹೆಚ್ಚು. ಮೂರ್ಛೆರೋಗದ ಮದ್ದು ಒಂದೆರಡು ದಿನ ತಪ್ಪಿದರೂ ಫಿಟ್ಸ್ ಮರಳಬಹುದು, ಇನ್ಸುಲಿನ್ ತಪ್ಪಿದರೆ ಜೀವಕ್ಕೇ ಅಪಾಯ. ನಾಚಿಕೆಗೆ ಆ ಬೆಲೆ ತೆರಬೇಕೆ?

ಎರಡನೆಯದು ವಕೀಲರು. ಸೆರೆಯಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಉಚಿತ ವಕೀಲರಿಗೆ ಹಕ್ಕುದಾರ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಆ ಪ್ರಾಧಿಕಾರದ ಕಚೇರಿ ಇರುತ್ತದೆ. 15100 ಎಂಬ ಸಹಾಯವಾಣಿಯೂ ಉಂಟು. ಆರೋಪಿಗೆ ತನ್ನ ಮೇಲಿನ ಮೊಕದ್ದಮೆಯೇ ಅರ್ಥವಾಗದಷ್ಟು ಮನಸ್ಸು ಕೆಟ್ಟಿದ್ದರೆ ವಿಚಾರಣೆ ಮುಂದುವರಿಸುವಂತಿಲ್ಲ. ಮೊದಲು ವೈದ್ಯರ ಪರೀಕ್ಷೆ, ಚಿಕಿತ್ಸೆ; ಜಾಮೀನಿನ ಮೇಲೆ ಮನೆಯವರ ಸುಪರ್ದಿಗೆ ಕೊಡುವ ದಾರಿಯೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಳೆಯ ಸಂಹಿತೆಯ ಈ ಏರ್ಪಾಡು ಉಳಿದಿದೆ. ಹೊಸ ಸಂಹಿತೆಯಂತೆ, ಕೆಲವು ಘೋರ ಅಪರಾಧಗಳನ್ನು ಬಿಟ್ಟರೆ, ಮೊದಲ ಬಾರಿಗೆ ಆರೋಪಿಯಾದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗೆ ಕಳೆದಿದ್ದರೆ ಬಿಡುಗಡೆ ಕೇಳಬಹುದು. ಆದರೆ ಇದನ್ನೆಲ್ಲ ಕೋರ್ಟಿನ ಮುಂದಿಡಲು ಯಾರಾದರೂ ಬೇಕು. ತನ್ನ ತಲೆಯೊಳಗಿನ ದನಿಗಳ ಜೊತೆ ಗುದ್ದಾಡುತ್ತಿರುವವನು ಅರ್ಜಿ ಬರೆಯುತ್ತಾನೆಯೇ?

ಹೆತ್ತವರು ಮಕ್ಕಳ ಮುಂದಿನ ಓದಿನ ಲೆಕ್ಕ ಹಾಕುವಾಗ ಡಾಕ್ಟರು, ಎಂಜಿನಿಯರು ಎಂಬೆರಡು ಪದಗಳಲ್ಲೇ ನಿಲ್ಲುತ್ತಾರೆ. ಮೇಲಿನ ಸರಪಳಿಯ ಕೊಂಡಿಗಳನ್ನು ಎಣಿಸಿ ನೋಡಿ: ಮನೋವೈದ್ಯಕೀಯ ಶುಶ್ರೂಷಕಿ, ಚಿಕಿತ್ಸಾ ಮನೋವಿಜ್ಞಾನಿ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಪ್ರಯೋಗಾಲಯದ ತಂತ್ರಜ್ಞ, ಕಾನೂನು ನೆರವಿನ ವಕೀಲ. ಈ ಒಂದೊಂದು ಕೆಲಸಕ್ಕೂ ಸಮೀಪದ ಊರುಗಳಲ್ಲೇ ಓದಿನ ದಾರಿಯಿದೆ. ರೋಗಿಯ ಬ್ಯಾನಿಯನ್ನು ಅವನದೇ ಮಾತಿನಲ್ಲಿ ಕೇಳಬಲ್ಲ ಯಲಬುರ್ಗಾದ ಹುಡುಗಿಯೊಬ್ಬಳು ಆ ಕುರ್ಚಿಯಲ್ಲಿ ಕೂತರೆ, ಅರ್ಧ ಪರೀಕ್ಷೆ ಅಲ್ಲಿಗೇ ಮುಗಿದಂತೆ.

ಬಿಡುಗಡೆಯ ದಿನ

ಕುಷ್ಟಗಿಯ ಯುವಕನ ಕಥೆ ಮುಂದುವರಿಸೋಣ. ಮೂರು ತಿಂಗಳ ಗುಳಿಗೆಯಲ್ಲಿ ಅವನಿಗೆ ದನಿಗಳು ಕಡಿಮೆಯಾಗಿವೆ, ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ, ತಾಯಿಯನ್ನು ಕಂಡರೆ ಅಳುತ್ತಾನೆ. ಜಾಮೀನಾಗುತ್ತದೆ. ಕೋರ್ಟಿನ ಆದೇಶ ಜೈಲು ಮುಟ್ಟಿ, ದಾಖಲೆ ತಾಳೆ ನೋಡಿ, ಬಾಗಿಲು ತೆರೆಯುವಾಗ ಹೊತ್ತಿಳಿದಿರುತ್ತದೆ. ಅಣ್ಣ ಬಂದು ಕಾಯುತ್ತಿರುತ್ತಾನೆ. ಇಬ್ಬರಿಗೂ ಅವಸರ: ಕುಷ್ಟಗಿಯ ಕೊನೆಯ ಬಸ್ಸು ತಪ್ಪಬಾರದು. ಚೀಟಿ ಕೇಳಲು ಯಾರಿಗೂ ನೆನಪಿರುವುದಿಲ್ಲ.

ಜೈಲಿನ ವೈದ್ಯಕೀಯ ಗೆಲ್ಲುವುದೋ ಸೋಲುವುದೋ ಈ ಅರ್ಧ ಗಂಟೆಯಲ್ಲಿ. ಸಿಝೋಫ್ರೇನಿಯಾದಂಥ ಕಾಯಿಲೆಯಲ್ಲಿ ವಾಸಿಯಾದಂತೆ ಕಂಡಾಗಲೇ ಮದ್ದು ಬಿಡುವವರು ಹೆಚ್ಚು. ಬಿಟ್ಟ ಮರುದಿನ ಏನೂ ಆಗುವುದಿಲ್ಲ. ವಾರ ಕಳೆದರೂ ಚೆನ್ನಾಗಿಯೇ ಇರುತ್ತಾನೆ. ಮನೆಯವರು ‘ಇನ್ನೇನು ಬೇಡ ಬಿಡು’ ಎನ್ನುತ್ತಾರೆ. ಕೆಲವು ವಾರಗಳ, ಕೆಲವೊಮ್ಮೆ ಕೆಲವು ತಿಂಗಳ ಮೇಲೆ ನಿದ್ದೆ ಮತ್ತೆ ಕೆಡುತ್ತದೆ, ಅನುಮಾನ ಮರಳುತ್ತದೆ. ಕ್ಷಯದ ಮದ್ದಿನದೂ ಇದೇ ಕಥೆ. ಮೂರನೇ ತಿಂಗಳಲ್ಲಿ ಬಿಟ್ಟವನ ರೋಗ ಮರಳಿದಾಗ ಅದೇ ಮದ್ದಿಗೆ ಬಗ್ಗದಂತಾಗಿರಬಹುದು. ಕಾಯ್ದೆಗಳು, ಮಂಡಳಿಗಳು, ಬೆಂಗಾವಲು ವಾಹನಗಳು ಇಷ್ಟೆಲ್ಲ ಮಾಡಿದ ಮೇಲೆ ಒಂದು ಚೀಟಿಯ ಕೊರತೆಯಿಂದ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ, ಪೊಲೀಸ್ ಠಾಣೆಯಿಂದ.

ಬಾಗಿಲಲ್ಲಿ ಅವನ ಕೈಗೆ ಸೇರಬೇಕಾದದ್ದು ಮೂರು ವಸ್ತು: ಕೆಲವು ವಾರಕ್ಕಾಗುವಷ್ಟು ಗುಳಿಗೆ, ಕಾಯಿಲೆ ಮತ್ತು ಮದ್ದಿನ ಹೆಸರು ಬರೆದ ಚೀಟಿ, ಮುಂದೆ ಎಲ್ಲಿಗೆ ಎಂದು ಹೋಗಬೇಕೆಂಬ ತಾರೀಖು. ಎಲ್ಲಿಗೆ ಎಂಬುದಕ್ಕೆ ಈಗ ಉತ್ತರ ಕಷ್ಟವಿಲ್ಲ. ರಾಜ್ಯ ಸರ್ಕಾರ 2014ರಲ್ಲಿ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ತಂದಿತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಅದು. ‘ಹುಚ್ಚಾಸ್ಪತ್ರೆ’ ಎಂಬ ಬೋರ್ಡಿಲ್ಲ. ಕೆಮ್ಮು ನೆಗಡಿಯವರು ನಿಂತ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು. ರಾತ್ರಿ ಹೊತ್ತಿನ ಸಂಕಟಕ್ಕೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಹೆಚ್ಚಿನ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್ ಬೇಕೆಂದರೆ, ಕುಷ್ಟಗಿಯವರು ಮೊದಲಿನಂತೆ ಬಸ್ಸುಗಳನ್ನೇ ನೆಚ್ಚಬೇಕಿಲ್ಲ. ಗದಗ–ವಾಡಿ ಮಾರ್ಗದ ಕೆಲಸ ಕುಷ್ಟಗಿಯವರೆಗೆ ಮುಗಿದು, 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ರೈಲು ಶುರುವಾಗಿದೆ. ಯಲಬುರ್ಗಾ, ಕುಕನೂರಿನವರಿಗೂ ಅದೇ ದಾರಿ.

ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಸಾಲಿನಲ್ಲಿ ಯಾರು ಜೈಲಿನಿಂದ ಬಂದವರು, ಯಾರು ಹೊಲದಿಂದ ಬಂದವರು ಎಂದು ಮುಖ ನೋಡಿ ಹೇಳಲಾಗದು. ಕಿಟಕಿಯಲ್ಲಿ ಕೂತವರು ಚೀಟಿ ನೋಡುತ್ತಾರೆ, ಒಂದು ತಿಂಗಳ ಗುಳಿಗೆ ಎಣಿಸಿ ಕಾಗದದ ಪೊಟ್ಟಣಕ್ಕೆ ಹಾಕುತ್ತಾರೆ, ಮುಂದಿನ ತಾರೀಖನ್ನು ಬರೆದು, ‘ತಪ್ಪಿಸಬ್ಯಾಡಪ್ಪಾ, ಗುಳೆ ಹೋಗೂದಿದ್ರ ಮೊದಲ ಬಂದು ಹೇಳು’ ಎಂದು ಮುಂದಿನವರನ್ನು ಕರೆಯುತ್ತಾರೆ.